ಮೂಳೆ ಸವೆತದ (ಆಸ್ಟಿಯೊಪೊರೊಸಿಸ್) ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ಆರು ತಿಂಗಳಲ್ಲೇ ತಿಳಿಯಬಹುದೇ?

ನಿಮ್ಮ ತಾಯಿ ಆರು ತಿಂಗಳಿಂದ ವಾರಕ್ಕೊಂದು ಅಲೆಂಡ್ರೊನೇಟ್ 70 ಮಿ.ಗ್ರಾಂ. ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಬೆನ್ನುಮೂಳೆಯ ಡೆಕ್ಸಾ ಸ್ಕ್ಯಾನಿನಲ್ಲಿ (ಮೂಳೆಯ ಸಾಂದ್ರತೆ ಅಳೆಯುವ ಎಕ್ಸ್‌ರೇ) ಅಂಕಿ 0.800ರಿಂದ 0.815ಕ್ಕೆ ಏರಿದೆ, ಇದು ಸುಧಾರಣೆಯೇ ಎಂದು ಕೇಳಿದ್ದೀರಿ. ಅಷ್ಟರಿಂದ ಹೇಳಲು ಬರುವುದಿಲ್ಲ. ಅದೇ ವ್ಯಕ್ತಿಯನ್ನು ಎಬ್ಬಿಸಿ ಮತ್ತೆ ಮಲಗಿಸಿ ಅಳೆದರೂ ಅಂಕಿ ಆಚೀಚೆ ಆಗುತ್ತದೆ. ಆ ಸೆಂಟರಿನ ಅಳತೆಯ ದೋಷ ಶೇ. 1.5 ಎಂದುಕೊಳ್ಳಿ, ಅದನ್ನು ಇದಕ್ಕೆಂದೇ ಬಳಸುವ 2.77ರಿಂದ ಗುಣಿಸಿದರೆ ಸುಮಾರು ಶೇ. 4.2. ವ್ಯತ್ಯಾಸ ಇದನ್ನು ದಾಟಿದರೆ ಮಾತ್ರ ನಿಜವಾದ ಬದಲಾವಣೆ. ನಿಮ್ಮದು ಶೇ. 1.9. ಮಷಿನ್ ಬೇರೆಯಾಗಿದ್ದರಂತೂ ಹೋಲಿಸಲೇಬೇಡಿ.

ಬೇಗ ಉತ್ತರ ಬೇಕಿದ್ದರೆ ರಕ್ತ ನೋಡಬೇಕು. ಮೂಳೆ ಕರಗುವಾಗ ಸಿಟಿಎಕ್ಸ್, ಕಟ್ಟುವಾಗ ಪಿ1ಎನ್‌ಪಿ ಎಂಬ ಪ್ರೋಟೀನ್ ತುಣುಕುಗಳು ರಕ್ತಕ್ಕೆ ಬರುತ್ತವೆ. ಮಾತ್ರೆ ನಾಟಿದ್ದರೆ ಮೂರು ತಿಂಗಳಲ್ಲೇ ಎರಡೂ ಇಳಿದಿರುತ್ತವೆ. ಮೊದಲಿನ ರಿಪೋರ್ಟ್ ಇದ್ದರೆ ಸಿಟಿಎಕ್ಸ್ ಶೇ. 56ಕ್ಕಿಂತ, ಪಿ1ಎನ್‌ಪಿ ಶೇ. 38ಕ್ಕಿಂತ ಹೆಚ್ಚು ಇಳಿದಿರುವುದು ಒಳ್ಳೆಯ ಗುರುತು. ಇಲ್ಲದಿದ್ದರೆ ಸಿಟಿಎಕ್ಸ್ ಸುಮಾರು 280 ಪಿಕೋಗ್ರಾಂ/ಮಿ.ಲೀ., ಪಿ1ಎನ್‌ಪಿ ಸುಮಾರು 35 ನ್ಯಾನೋಗ್ರಾಂ/ಮಿ.ಲೀ.ಗಿಂತ ಕೆಳಗಿದ್ದರೆ ಸಾಕು.

ಸಿಟಿಎಕ್ಸ್ ಎಡವುವುದು ಹೆಚ್ಚಾಗಿ ರಕ್ತ ಕೊಡುವ ಹೊತ್ತಿನಲ್ಲಿ. ತಿಂಡಿ ತಿಂದರೆ ಇಳಿಯುತ್ತದೆ, ಮಧ್ಯಾಹ್ನಕ್ಕೂ ಇಳಿಯುತ್ತದೆ. ಹಾಗಾಗಿ ಬೆಳಿಗ್ಗೆ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಪ್ರತಿ ಸಲ ಅದೇ ಲ್ಯಾಬ್‌ನಲ್ಲಿ ಕೊಡಿ. ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ: ಕೆಲವು ಲ್ಯಾಬ್ ವಿಧಾನಗಳಲ್ಲಿ ಅದು ಅಂಕಿಯನ್ನು ಸುಳ್ಳಾಗಿ ತಗ್ಗಿಸಿ, ಮಾತ್ರೆ ಕೆಲಸ ಮಾಡಿದಂತೆ ತೋರಿಸುತ್ತದೆ. ಇತ್ತೀಚೆಗೆ ಮೂಳೆ ಮುರಿದಿದ್ದರೆ ತಿಂಗಳುಗಟ್ಟಲೆ ಅಂಕಿ ಏರಿಯೇ ಇರುತ್ತದೆ. ಕಿಡ್ನಿ ಸೋತಿದ್ದರೆ ಸಿಟಿಎಕ್ಸ್ ನಂಬಬೇಡಿ.

ಅಂಕಿ ಇಳಿದಿಲ್ಲವೇ? ಮಾತ್ರೆ ಬದಲಿಸುವ ಮೊದಲು ಅದನ್ನು ಹೇಗೆ ನುಂಗುತ್ತಾರೆಂದು ಕೇಳಿ. ನಮ್ಮ ಮನೆಗಳಲ್ಲಿ ಎದ್ದ ಕೂಡಲೇ ಕಾಫಿ ಬೇಕು. ಕಾಫಿಯ ಜೊತೆ ನುಂಗಿದರೆ ಹೀರಿಕೆ ಸುಮಾರು ಶೇ. 60 ಕಡಿಮೆಯಾಗುತ್ತದೆ. ಬರಿಯ ನೀರಲ್ಲೇ ನುಂಗಿ, ಅರ್ಧ ಗಂಟೆ ಮಲಗದೆ, ಬೇರೇನೂ ತಿನ್ನದೆ ಇರಬೇಕು. ಕ್ಯಾಲ್ಸಿಯಂ ಮಾತ್ರೆಯೂ ಆಮೇಲೆಯೇ.

ಆರೋಗ್ಯ ಶಿಬಿರಗಳಲ್ಲಿ ಮಾಡುವ ಹಿಮ್ಮಡಿ ಅಲ್ಟ್ರಾಸೌಂಡ್ ಯಾರಿಗೆ ಡೆಕ್ಸಾ ಬೇಕೆಂದು ಸೋಸಲಷ್ಟೇ ಸರಿ, ಚಿಕಿತ್ಸೆಯ ಮೇಲೆ ಕಣ್ಣಿಡಲು ಬೇಡ. ಹೊಸ ರೆಮ್ಸ್ ಅಲ್ಟ್ರಾಸೌಂಡ್ ಬೇರೆ: ಸೊಂಟ, ಬೆನ್ನುಮೂಳೆಯನ್ನೇ ವಿಕಿರಣವಿಲ್ಲದೆ ನೋಡುತ್ತದೆ. ಆದರೆ ಅದರ ಅಂಕಿಯನ್ನು ಹಳೆಯ ಡೆಕ್ಸಾ ಅಂಕಿಯ ಮುಂದುವರಿಕೆಯಾಗಿ ಓದಬೇಡಿ.

ಮುಂದಿನ ಡೆಕ್ಸಾ, ಮೊದಲ ಸ್ಕ್ಯಾನಿನಿಂದ ಒಂದೆರಡು ವರ್ಷಕ್ಕೆ, ಅದೇ ಮಷಿನ್‌ನಲ್ಲಿ ಮಾಡಿಸಿ. ಚಿತ್ರವನ್ನೂ ಕೇಳಿ ಪಡೆಯಿರಿ. ಕಶೇರುಕದ ಅಂಚಲ್ಲಿ ಮುಳ್ಳು ಬೆಳೆದಿದ್ದರೆ ಬೆನ್ನಿನ ಅಂಕಿ ಸುಳ್ಳಾಗಿ ಏರುತ್ತದೆ, ಆಗ ಸೊಂಟದ ಅಂಕಿಯನ್ನು ನೋಡಬೇಕು.