ವಾಕಿಂಗ್ ದಾರಿಯಲ್ಲಿ ಕಾಡುಹಂದಿ ಅಡ್ಡ ಬರುತ್ತಿವೆ, ಅಲ್ಲಿಗೆ ಹೋಗೋದು ಬಿಡಬೇಕಾ?

ನೀವು ತುಮಕೂರಿನ ಹೊರಗಿನ ಹೊಸ ಬಡಾವಣೆಗೆ ಬಂದಿದ್ದೀರಿ. ಬೆಳಿಗ್ಗೆ ನಾಯಿ ಕರೆದುಕೊಂಡು ಪಕ್ಕದ ಕುರುಚಲು ಕಾಡಿನ ಕಡೆ ಹೋಗುತ್ತೀರಿ. ಎರಡು ಸಲ ಹಂದಿ ಹಿಂಡು ಕಂಡಿತು, ಇನ್ನು ಹೋಗಬಹುದಾ ಅಂತ ಕೇಳಿದ್ದೀರಿ. ಹೋಗಬಹುದು, ಆದರೆ ನಾಯಿಯನ್ನು ಮನೆಯಲ್ಲಿ ಬಿಟ್ಟು ಹೋಗಿ.

ಮೊದಲು ಒಂದು ಅನುಮಾನ. ನೀವು ನೋಡಿದ್ದು ಕಾಡುಹಂದಿಯೇನಾ? ಖಾಲಿ ಸೈಟುಗಳಲ್ಲಿ, ಚರಂಡಿ ಪಕ್ಕ ಮಲಗಿರುವ ಊರಹಂದಿಯೂ ಕಪ್ಪಗೇ ಇರುತ್ತದೆ. ಅದು ಮನುಷ್ಯರನ್ನು ಕಂಡರೆ ತಲೆ ಎತ್ತಿ ನೋಡಿ ಮತ್ತೆ ಮಲಗುತ್ತದೆ. ಕಾಡುಹಂದಿಗೆ ಮುಂಭಾಗ ಎತ್ತರ, ಹಿಂಭಾಗ ಇಳಿಜಾರು. ಕತ್ತಿನಿಂದ ಬೆನ್ನುದ್ದಕ್ಕೂ ಒರಟು ಕೂದಲಿನ ಸಾಲು ಇರುತ್ತದೆ, ಸಿಟ್ಟು ಬಂದರೆ ಅದು ಬ್ರಷ್ ಥರ ಎದ್ದು ನಿಲ್ಲುತ್ತದೆ. ಸಣ್ಣ ಮರಿಗಳ ಮೈಮೇಲೆ ಅಳಿಲಿಗಿರುವ ಹಾಗೆ ಉದ್ದುದ್ದ ಗೆರೆಗಳಿರುತ್ತವೆ. ಆ ಗೆರೆ ಕಂಡ ಕೂಡಲೇ ಅಲ್ಲೇ ನಿಂತುಬಿಡಿ. ತಾಯಿ ದೂರ ಇರೋದಿಲ್ಲ.

ನನ್ನ ಊರು ದೇವರಾಯನದುರ್ಗದ ಕಾಡಿನಂಚಿಗೆ, ಊರ್ಡಿಗೆರೆ ಕಡೆ. ಚಿಕ್ಕಂದಿನಿಂದ ಹಂದಿ ನೋಡಿದ್ದೇನೆ, ಆದರೂ ಒಂದು ಸಲ ಕೆಟ್ಟೆ. ಕಡ್ಲೆಕಾಯಿ ಬಲಿಯುವ ಕಾಲ. ಆಗ ನಮಗೆ ತ್ರೀ ಫೇಸ್ ಕರೆಂಟು ಕೊಡುತ್ತಿದ್ದದ್ದೇ ರಾತ್ರಿ, ಹಾಗಾಗಿ ಬೆಳಗಿನ ಜಾವ ಐದಕ್ಕೆ ಮೋಟರು ನೋಡಲು ಹೊರಟೆ. ಜೊತೆಗೆ ನಮ್ಮ ನಾಯಿ ಕರಿಯ. ಬದುವಿನ ಮೇಲೆ ಟಾರ್ಚ್ ಬಿಟ್ಟರೆ ಐದಾರು ಗೆರೆ ಮರಿಗಳು. ಹೊಲದ ಒಂದು ಮೂಲೆ ಯಾರೋ ನೇಗಿಲು ಹೊಡೆದ ಹಾಗಿತ್ತು, ಅಷ್ಟು ಮೂತಿಯಿಂದ ಮಗುಚಿದ್ದವು. ಬೇಲಿಯೊಳಗಿಂದ ಒಂದೇ ಸಲ "ಹುಫ್" ಅಂತ ಸದ್ದು ಬಂತು. ನಾನು ನಿಂತೆ. ಇಬ್ಬರೂ ನಿಂತಲ್ಲೇ ಇದ್ದಿದ್ದರೆ ಅವು ಲಂಟಾನ ಪೊದೆಯೊಳಗೆ ನುಗ್ಗಿ ಹೋಗಿರುತ್ತಿದ್ದವು. ಕರಿಯ ಸುಮ್ನೆ ಇರಬೇಕಲ್ಲ! ಬೊಗಳುತ್ತಾ ಒಳಗೆ ಹಾರಿದ. ಎರಡು ಕ್ಷಣ ಆಗಿರಬಹುದು, ಕುಯ್ಯೋ ಅಂತ ನನ್ನ ಕಾಲ ಹತ್ತಿರಕ್ಕೇ ಓಡಿ ಬಂದ. ಅವನ ಹಿಂದೆ ತಾಯಿ ಹಂದಿ.

ನೀರಿನ ತೊಟ್ಟಿ ಪಕ್ಕದಲ್ಲೇ ಇತ್ತು, ಅದರ ಕಟ್ಟೆ ಹತ್ತಿದೆ. ಸೊಂಟದಷ್ಟು ಎತ್ತರ, ಅಷ್ಟೇ. ಅಷ್ಟು ಸಾಕಾಯಿತು. ಹಂದಿ ನಾಯಿಯ ಹಿಂದೊಡೆ ಕಚ್ಚಿ, ಒಂದು ಸುತ್ತು ತಿರುಗಿ ಮರಿಗಳ ಕಡೆ ಹೋಯಿತು. ಕರಿಯನಿಗೆ ಒಂಬತ್ತು ಹೊಲಿಗೆ ಬಿತ್ತು. ಹಂದಿಗೆ ನನ್ನ ಮೇಲೆ ಯಾವ ದ್ವೇಷವೂ ಇರಲಿಲ್ಲ, ನಾಯಿ ಅದನ್ನು ನನ್ನ ಹತ್ತಿರ ಕರೆದುಕೊಂಡು ಬಂತು. ಅದಕ್ಕೇ ನಾಯಿ ಬೇಡ ಅಂದಿದ್ದು. ಕರೆದುಕೊಂಡು ಹೋಗಲೇಬೇಕು ಅಂದರೆ ಹಗ್ಗ ಬಿಡಬೇಡಿ.

ಕಾಡುಹಂದಿಗೆ ಕಣ್ಣು ಅಷ್ಟು ಚುರುಕಲ್ಲ, ಮೂಗು ಮತ್ತು ಕಿವಿ ಬಲು ಚುರುಕು. ಗಾಳಿ ನಿಮ್ಮ ಕಡೆಗೆ ಬೀಸುತ್ತಿದ್ದರೆ ಅದಕ್ಕೆ ನಿಮ್ಮ ವಾಸನೆ ಸಿಗುವುದಿಲ್ಲ, ಆಗಲೇ ಹತ್ತಿರದಲ್ಲಿ ಮುಖಾಮುಖಿ ಆಗುವುದು. ಮಾತಾಡುತ್ತಾ ನಡೆಯಿರಿ, ಇಯರ್‌ಫೋನ್ ಹಾಕಬೇಡಿ. ಎದುರಾದರೆ ಅದಕ್ಕೆ ಓಡಲು ದಾರಿ ಬಿಟ್ಟು ನಿಧಾನವಾಗಿ ಹಿಂದೆ ಸರಿಯಿರಿ. ಫೋಟೊ ತೆಗೆಯೋಣ ಅಂತ ಮುಂದೆ ಹೋಗಬೇಡಿ, ಕಲ್ಲು ಹೊಡೆಯಬೇಡಿ. ಒಂಟಿ ಗಂಡು ಹಂದಿ ಕಂಡರೆ ಇನ್ನೂ ದೂರ ಇರಿ. ಹೆಣ್ಣು ಕಚ್ಚುತ್ತದೆ, ಗಂಡು ಕೋರೆಯಿಂದ ಕೆಳಗಿನಿಂದ ಮೇಲಕ್ಕೆ ಸೀಳುತ್ತದೆ, ಏಟು ಬೀಳುವುದು ಮೀನಖಂಡಕ್ಕೆ, ತೊಡೆಗೆ. "ಹಂದಿ ನೆಟ್ಟಗೆ ಓಡುತ್ತೆ, ತಿರುಗೋಕೆ ಬರಲ್ಲ, ಪಕ್ಕಕ್ಕೆ ಹಾರಿದರೆ ಸಾಕು" ಅಂತ ಹೇಳುವವರು ಸಿಗುತ್ತಾರೆ. ನಂಬಬೇಡಿ, ನಾನು ಅದು ತಿರುಗಿದ್ದನ್ನು ತೊಟ್ಟಿ ಮೇಲಿಂದ ನೋಡಿದ್ದೇನೆ. ಬಂಡೆ, ಮೋಟು ಗೋಡೆ, ಮರ, ಯಾವುದು ಹತ್ತಿರವೋ ಅದನ್ನು ಹತ್ತಿ.

ಗಾಯವಾದರೆ ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಟಿಟಿ ಜೊತೆ ರೇಬೀಸ್ ಇಂಜೆಕ್ಷನ್ ಬಗ್ಗೆಯೂ ಕೇಳಿ.

ಇಷ್ಟು ಹೇಳಿದರೂ, ನಿಮ್ಮ ವಾಕಿಂಗ್‌ನಲ್ಲಿ ನನಗೆ ಜಾಸ್ತಿ ಭಯ ಇರುವುದು ಹಂದಿಯದ್ದಲ್ಲ, ಹಂದಿಗೆ ಅಂತ ಇಟ್ಟಿರುವುದರದ್ದು. ಒಂದೇ ರಾತ್ರಿಯಲ್ಲಿ ಮೂರು ತಿಂಗಳ ಬೆಳೆ ಹೋದ ರೈತನ ಸಂಕಟ ನನಗೆ ಗೊತ್ತು. ಹಳೇ ಸೀರೆ ಕಟ್ಟುತ್ತೇವೆ, ಕಟಿಂಗ್ ಶಾಪಿನ ಕೂದಲು ತಂದು ಬದುವಿಗೆ ಚೆಲ್ಲುತ್ತೇವೆ, ತಗಡು ಬಡಿಯುತ್ತೇವೆ. ಎಲ್ಲ ನಾಲ್ಕು ದಿನ ನಡೆಯುತ್ತದೆ, ಐದನೇ ದಿನ ಹಂದಿಗೆ ಅರ್ಥವಾಗುತ್ತದೆ. ಆಮೇಲೆ ಕೆಲವರು ಲೈನಿನಿಂದ ನೇರ ಕರೆಂಟು ತಂತಿಗೆ ಬಿಡುತ್ತಾರೆ. ಸೋಲಾರ್ ಬೇಲಿಯಲ್ಲಿ ಕರೆಂಟು ಬಿಟ್ಟು ಬಿಟ್ಟು ಹೊಡೆಯುತ್ತದೆ, ಶಾಕ್ ಆಗಿ ಕೈ ಬಿಡುತ್ತದೆ. ನೇರ ಕರೆಂಟು ಬಿಡುವುದಿಲ್ಲ, ಹಂದಿಯನ್ನೂ ಮನುಷ್ಯನನ್ನೂ. ಹಾಗಾಗಿ ಕತ್ತಲಲ್ಲಿ ಹೊಲದೊಳಗೆ ಅಡ್ಡದಾರಿ ಹಿಡಿಯಬೇಡಿ. ಬೇಲಿಯ ಕಿಂಡಿಯಲ್ಲಿ ಕ್ಲಚ್ ವೈರಿನ ಉರುಳು ಕಂಡರೂ, ನೆಲದ ಮೇಲೆ ಹಿಟ್ಟಿನ ಉಂಡೆ ಥರ ಏನಾದರೂ ಕಂಡರೂ ಮುಟ್ಟಬೇಡಿ, ಒದೆಯಬೇಡಿ. ಒಳಗೆ ಸಿಡಿಮದ್ದು ಇರಬಹುದು. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಕಾಡುಹಂದಿಯೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗೇ ಬರುತ್ತದೆ, ಯಾರು ಬೇಕಾದರೂ ಹೊಡೆಯುವಂತಿಲ್ಲ.

ಇನ್ನೊಂದು, ನಿಮ್ಮ ಬಡಾವಣೆಯ ತುದಿಯಲ್ಲಿ ಹೋಟೆಲಿನ ಅನ್ನ, ಕಲ್ಯಾಣ ಮಂಟಪದ ಎಲೆ ತಂದು ಸುರಿಯುತ್ತಾರಾ ನೋಡಿ. ಸುರಿಯುತ್ತಿದ್ದರೆ ಹಂದಿ ಬರುವುದು ನಿಲ್ಲುವುದಿಲ್ಲ. ಅದನ್ನು ನಿಲ್ಲಿಸುವ ತನಕ ಪೂರ್ತಿ ಬೆಳಕಾದ ಮೇಲೆ, ಏಳರ ಹೊತ್ತಿಗೆ ಹೊರಡಿ. ಅಷ್ಟೊತ್ತಿಗೆ ಅವು ಸಾಮಾನ್ಯವಾಗಿ ಪೊದೆ ಸೇರಿರುತ್ತವೆ.

ಕರಿಯ ಹೇಗಿದ್ದಾನೆ ಅಂತ ಕೇಳಿದಿರಾ? ಚೆನ್ನಾಗಿದ್ದಾನೆ. ಮೋಟರಿಗೆ ಹೊರಟರೆ ಬಾಗಿಲ ತನಕ ಬಂದು ನಿಲ್ಲುತ್ತಾನೆ.