ಎಲಾ ವಾಟ್ಸನ್ ಅವರಿಗೆ ಬಹುವಚನ ಯಾಕಿಲ್ಲ?

ಪ್ರಿಯ ಬರಹಗಾರ್ತಿಗೆ,

ನಮಸ್ಕಾರ. ನೀವು ಕಳಿಸಿದ 'ಕಪ್ಪು ಬಿಳುಪಿನ ಕರುಣೆ' ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಮನೆಯಲ್ಲಿ, ಸುಮ್ನೆ ಓದುಗನಾಗಿ. ಎರಡನೇ ಸಲ ಪೆನ್ನು ಹಿಡಿದು. ಈಗಿರುವ ಹಾಗೆ ಇದನ್ನು ಹಾಕಿಕೊಳ್ಳಲು ಆಗುವುದಿಲ್ಲ. ಹಾಗಂತ 'ಧನ್ಯವಾದಗಳು' ಎಂದು ಒಂದು ಸಾಲು ಬರೆದು ವಾಪಸ್ ಕಳಿಸಲೂ ಮನಸ್ಸಿಲ್ಲ. ಡಾಕ್ಯುಮೆಂಟರಿ ಫೋಟೊಗಳಲ್ಲಿ ಬಣ್ಣದ ಭೇದ, ಅದನ್ನು ತೆಗೆಯುವವರ ಹೊಣೆ, ಇದರ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ. ಅದಕ್ಕೇ ಇಷ್ಟುದ್ದದ ಉತ್ತರ.

ನನ್ನ ಪೆನ್ನು ಮೊದಲು ನಿಂತಿದ್ದು ಮೂರನೇ ಪುಟದಲ್ಲಿ. ಅಮೆರಿಕದ ಕಪ್ಪು ಫೋಟೊಗ್ರಾಫರ್ ಗಾರ್ಡನ್ ಪಾರ್ಕ್ಸ್ 1942ರಲ್ಲಿ ವಾಷಿಂಗ್ಟನ್‌ನಲ್ಲಿ ತೆಗೆದ ಫೋಟೊವನ್ನು ಅಲ್ಲಿ ವಿವರಿಸಿದ್ದೀರಿ. ಸರ್ಕಾರಿ ಕಚೇರಿ ಗುಡಿಸಿ ಒರೆಸುವ ಕಪ್ಪು ಹೆಂಗಸು, ಹೆಸರು ಎಲಾ ವಾಟ್ಸನ್. ಒಂದು ಕಡೆ ಪೊರಕೆ, ಇನ್ನೊಂದು ಕಡೆ ಮಾಪು, ಬೆನ್ನ ಹಿಂದೆ ಅಮೆರಿಕದ ಬಾವುಟ. ನಿಮ್ಮ ವಾಕ್ಯ ಹೀಗಿದೆ: 'ಪಾರ್ಕ್ಸ್ ಅವರು ಕ್ಲಿಕ್ಕಿಸಿದರು, ಮೇಲಧಿಕಾರಿ ಸ್ಟ್ರೈಕರ್ ಅವರು ಬೆಚ್ಚಿದರು, ಆ ಕೆಲಸದವಳು ಮಾತ್ರ ಮೌನವಾಗಿ ನಿಂತಿದ್ದಾಳೆ.'

ಪಾರ್ಕ್ಸ್ ಅವರು. ಸ್ಟ್ರೈಕರ್ ಅವರು. ಆಕೆ ಮಾತ್ರ 'ಅವಳು'. ಲೇಖನದ ಉದ್ದಕ್ಕೂ ಎಣಿಸಿದೆ. ಹನ್ನೊಂದು ಸಲ ಅವಳು, ಒಂದು ಸಲವೂ ಅವರು ಇಲ್ಲ. ಪಾರ್ಕ್ಸ್‌ಗೆ ಆಗ 29 ವರ್ಷ. ಎಲಾ ವಾಟ್ಸನ್ ಮೊಮ್ಮಕ್ಕಳನ್ನು ಸಾಕುತ್ತಿದ್ದವರು. ವಯಸ್ಸಿನ ಲೆಕ್ಕದಲ್ಲಾದರೂ ಬಹುವಚನ ಯಾರಿಗೆ ಬರಬೇಕಿತ್ತು?

ನೀವು ಬೇಕಂತ ಮಾಡಿಲ್ಲ, ಗೊತ್ತು. ನಮ್ಮ ಕೈಗೆ ಅಂಟಿರುವ ಅಭ್ಯಾಸ ಅದು. ಡಾಕ್ಟರು ಬಂದರು, ಕೆಲಸದವಳು ಬಂದಳು. ಆದರೆ ನಿಮ್ಮ ಲೇಖನದ ವಿಷಯವೇ ಇದು ಅಲ್ವಾ? ಆ ಕಾಲದ ಅಮೆರಿಕದಲ್ಲೂ ಇದೇ ಜಗಳ ಇತ್ತು. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರು ಕಪ್ಪು ಹೆಂಗಸರನ್ನು 'ಮಿಸ್', 'ಮಿಸೆಸ್' ಎಂದು ಕರೆಯುತ್ತಿರಲಿಲ್ಲ. ಎಷ್ಟೇ ವಯಸ್ಸಾಗಿರಲಿ, ಬರೀ ಹೆಸರು ಹಿಡಿದು ಕೂಗುವುದು. 1963ರಲ್ಲಿ ಅಲಬಾಮಾದ ಕೋರ್ಟಿನಲ್ಲಿ ವಕೀಲ 'ಮೇರಿ' ಎಂದು ಕರೆದಾಗ ಕಪ್ಪು ಹೋರಾಟಗಾರ್ತಿ ಮೇರಿ ಹ್ಯಾಮಿಲ್ಟನ್ ಉತ್ತರ ಕೊಡಲಿಲ್ಲ. 'ಮಿಸ್ ಹ್ಯಾಮಿಲ್ಟನ್' ಎಂದರೆ ಮಾತ್ರ ಮಾತಾಡುತ್ತೇನೆ ಎಂದರು. ನ್ಯಾಯಾಲಯ ನಿಂದನೆ ಎಂದು ಅವರನ್ನು ಜೈಲಿಗೆ ಕಳಿಸಿದರು. ಕೇಸು ಸುಪ್ರೀಂ ಕೋರ್ಟಿಗೆ ಹೋಗಿ 1964ರಲ್ಲಿ ಅವರ ಕಡೆ ತೀರ್ಪಾಯಿತು.

ಈಗ ಪಾರ್ಕ್ಸ್ ತೆಗೆದ ಉಳಿದ ಫೋಟೊಗಳ ಕ್ಯಾಪ್ಷನ್ ನೋಡಿ. 'ಮಿಸೆಸ್ ಎಲಾ ವಾಟ್ಸನ್, ಸರ್ಕಾರಿ ಕಚೇರಿ ಶುಚಿ ಮಾಡುವವರು.' ಮತ್ತೆ ಮತ್ತೆ ಮಿಸೆಸ್. ಆದರೆ ಬಾವುಟದ ಫೋಟೊದ ಮೂಲ ಶೀರ್ಷಿಕೆಯಲ್ಲಿ ಹೆಸರಿಲ್ಲ, ಬರೀ ಕೆಲಸ ಇದೆ. ಆಮೇಲೆ ಅದು ಪ್ರಸಿದ್ಧವಾಗಿದ್ದು 'ಅಮೆರಿಕನ್ ಗಾಥಿಕ್' ಎಂದು. ಅಮೆರಿಕದ ಕಲಾವಿದ ಗ್ರಾಂಟ್ ವುಡ್ 1930ರಲ್ಲಿ ಬರೆದ ಪ್ರಸಿದ್ಧ ಚಿತ್ರದ ಹೆಸರು ಅದು. ಹೀಗೆ ಎಲ್ಲರೂ ನೋಡಿದ ಆ ಒಂದು ಫೋಟೊದಲ್ಲೇ ಎಲಾ ವಾಟ್ಸನ್ ಅವರ ಹೆಸರು ಕಳೆದುಹೋಯಿತು. ನೀವೂ ಅದೊಂದನ್ನೇ ನೋಡಿ ಬರೆದಿದ್ದೀರಿ. ಉಳಿದವು ನಿಮಗೆ ಗೊತ್ತಿದ್ದರೆ 'ಮೌನವಾಗಿ ನಿಂತಿದ್ದಾಳೆ' ಎಂದು ಬರೆಯುತ್ತಿರಲಿಲ್ಲ.

ಯಾಕೆಂದರೆ ಅವರು ಮೌನವಾಗಿರಲಿಲ್ಲ. ಪಾರ್ಕ್ಸ್‌ಗೆ ತಮ್ಮ ಬದುಕನ್ನೆಲ್ಲ ಹೇಳಿಕೊಂಡಿದ್ದರು. ಪಾರ್ಕ್ಸ್ ವಾರಗಟ್ಟಲೆ ಅವರ ಜತೆ ಓಡಾಡಿದರು. ಕಚೇರಿಯಲ್ಲಿ, ಮನೆಯಲ್ಲಿ, ಚರ್ಚಿನಲ್ಲಿ. ವರ್ಷಕ್ಕೆ 1,080 ಡಾಲರ್ ಸಂಬಳದಲ್ಲಿ ಆರು ಜನರ ಸಂಸಾರ ನಡೆಯುತ್ತಿತ್ತು. ಈ ಅಂಕಿ ಕ್ಯಾಪ್ಷನ್‌ನಲ್ಲೇ ಇದೆ. ನಿಮ್ಮ ಲೇಖನದಲ್ಲಿ ಇದರ ಬದಲು 'ಕಡು ಬಡತನ' ಎಂಬ ಮಾತು ನಾಲ್ಕು ಸಲ ಬಂದಿದೆ. ನಾಲ್ಕನ್ನೂ ಹೊಡೆದು ಈ ಅಂಕಿ ಒಂದನ್ನು ಹಾಕಿ.

ಅವರ ಮನೆಯೊಳಗಿನ ಒಂದು ಫೋಟೊ ಹುಡುಕಿ ನೋಡಿ. ಎಡಗಡೆ ಬಾಗಿಲಾಚೆ ಅಡುಗೆಮನೆ, ಅಲ್ಲಿ ಮಕ್ಕಳ ಜತೆ ಎಲಾ ವಾಟ್ಸನ್. ಬಲಗಡೆ ಕನ್ನಡಿ, ಅದರಲ್ಲಿ ಸಾಕುಮಗಳ ಮುಖ. ಪಕ್ಕದಲ್ಲೇ ಚೌಕಟ್ಟು ಹಾಕಿಸಿದ ಹಳೇ ಕಾಲದ ಗಂಡ ಹೆಂಡತಿಯ ಫೋಟೊ. ಒಂದೇ ಫೋಟೊದೊಳಗೆ ಇಡೀ ಮನೆತನ. ಬಾವುಟ ಇಲ್ಲ, ಪೊರಕೆ ಇಲ್ಲ. ನನ್ನನ್ನು ಕೇಳಿದರೆ ಇದೇ ಹೆಚ್ಚು ದೊಡ್ಡ ಫೋಟೊ. ಇದರ ಮೇಲೆ ಒಂದು ಪುಟ ಬರೆದು ಕೊಡಿ.

ಪಾರ್ಕ್ಸ್ ಬಗ್ಗೆ 'ವರ್ಣಭೇದದ ನೋವುಂಡ ಕಲಾವಿದ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಏನಾಯಿತು ಅನ್ನೋದನ್ನು ಹೇಳಿ. ಅವರು ಬಡ ರೈತರ ನೆರವಿಗಿದ್ದ, ಜನರ ಬದುಕಿನ ಫೋಟೊಗಳನ್ನೂ ತೆಗೆಸುತ್ತಿದ್ದ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಎಂಬ ಸರ್ಕಾರಿ ಸಂಸ್ಥೆಗೆ ಬಂದಾಗ ರಾಯ್ ಸ್ಟ್ರೈಕರ್ ಕ್ಯಾಮೆರಾ ಇಲ್ಲೇ ಇಟ್ಟು ಊರು ಸುತ್ತಿ ಬಾ ಎಂದರು. ಅಂಗಡಿಯಲ್ಲಿ ಕೋಟು ತಗೋ, ಹೋಟೆಲಿನಲ್ಲಿ ಊಟ ಮಾಡು, ಸಿನಿಮಾ ನೋಡು. ಮೂರೂ ಕಡೆ ಪಾರ್ಕ್ಸ್‌ಗೆ ಜಾಗ ಸಿಗಲಿಲ್ಲ. ರಾಜಧಾನಿಯಲ್ಲಿ! ಕುದಿಯುತ್ತಾ ವಾಪಸ್ ಬಂದ ಹುಡುಗನಿಗೆ ಸ್ಟ್ರೈಕರ್ ತೋರಿಸಿದ್ದು ಅದೇ ಕಟ್ಟಡ ಗುಡಿಸುತ್ತಿದ್ದ ಈ ಹೆಂಗಸನ್ನು. ಹೋಗಿ ಅವರ ಜತೆ ಮಾತಾಡು ಎಂದರು. ಮೊದಲು ಮಾತು, ಆಮೇಲೆ ಫೋಟೊ. ನಿಮ್ಮ ಲೇಖನದ ಬೆನ್ನುಮೂಳೆ ಇದು.

ಒಂದು ತಪ್ಪು ತಿದ್ದಲೇಬೇಕು. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ತಾಯಿಯ ಫೋಟೊ ಬಗ್ಗೆ 'ಬಿಳಿಯ ರೈತ ಮಹಿಳೆಯ ಸಂಕಟ' ಎಂದಿದ್ದೀರಿ. ಅವರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್, ಚೆರೋಕಿ ಮೂಲದವರು. ಅಂದರೆ ಅಮೆರಿಕದ ಮೂಲನಿವಾಸಿಗಳು. ಲ್ಯಾಂಗ್‌ಗೆ ಅವರ ವಯಸ್ಸು ಗೊತ್ತಾಯಿತು, ಹೆಸರು ಮಾತ್ರ ಕೇಳಲಿಲ್ಲ. 1978ರಲ್ಲಿ ಪತ್ರಿಕೆಯೊಂದು ಅವರನ್ನು ಹುಡುಕುವವರೆಗೂ ಲೋಕಕ್ಕೆ ಅವರ ಹೆಸರು ಗೊತ್ತಿರಲಿಲ್ಲ. ಆ ಫೋಟೊದಿಂದ ತಮಗೆ ಒಂದು ಕಾಸೂ ಬರಲಿಲ್ಲ, ಅದನ್ನು ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವರೇ ಹೇಳಿದರು. ಹೆಸರು ಕೇಳದೇ ಹೋದರೆ ಜನಾಂಗವೂ ತಪ್ಪಿಹೋಗುತ್ತದೆ. ನೀವು ಮಾಡಿದ ತಪ್ಪಿನ ಬೇರು ಆ ದಿನದಲ್ಲೇ ಇದೆ. ಲೇಖನಕ್ಕೆ ಇದನ್ನು ಬಳಸಿಕೊಳ್ಳಿ.

ಕೊಡಾಕ್‌ನ 'ಶರ್ಲಿ ಕಾರ್ಡ್' ಬಗ್ಗೆ ಬರೆದ ಎರಡು ಪುಟ ತೆಗೆಯಿರಿ. ಬಿಳಿ ಹೆಂಗಸಿನ ಮುಖಕ್ಕೆ ಹೊಂದಿಸಿಯೇ ಕಲರ್ ಪ್ರಿಂಟ್ ಹಾಕುತ್ತಿದ್ದರು, ಕಪ್ಪು ಮುಖ ಮಸಿಯಾಗುತ್ತಿತ್ತು ಅನ್ನೋದು ನಿಜ. ಆದರೆ ಅದು ಬೇರೆಯೇ ಲೇಖನ. ಅದನ್ನೂ ಕಳಿಸಿ.

ಇನ್ನು ಕೊನೆಯ ಪ್ಯಾರಾ. ನಿಮ್ಮ ಬೀದಿಯ ಪೌರಕಾರ್ಮಿಕರೊಬ್ಬರ ಫೋಟೊ ತೆಗೆದು, 'ಅಲ್ಲಿ ಬಣ್ಣ, ಇಲ್ಲಿ ಜಾತಿ, ನೋವು ಒಂದೇ' ಎಂದು ಮುಗಿಸಿದ್ದೀರಿ. ಒಂದೇ ಅಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿಬಿಟ್ಟರೆ ಎರಡೂ ಕಾಣುವುದಿಲ್ಲ. ನೀವು ಕಳಿಸಿದ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ತಳ್ಳೋ ಗಾಡಿಯ ಹಿಡಿಕೆಗೆ ಒಂದು ಟಿಫಿನ್ ಕ್ಯಾರಿಯರ್ ಕಟ್ಟಿದೆ, ಅದಕ್ಕೆ ಕೆಂಪು ಬಟ್ಟೆ ಸುತ್ತಿದೆ. ಕಸದಿಂದ ಊಟವನ್ನು ಎಷ್ಟು ಜೋಪಾನವಾಗಿ ದೂರ ಇಟ್ಟಿದ್ದಾರೆ! ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ. 'ಆ ತಾಯಿಯ ಕಣ್ಣಲ್ಲಿ ಸಾವಿರ ಪ್ರಶ್ನೆ' ಎಂದಿದ್ದೀರಿ. ಒಂದು ಪ್ರಶ್ನೆಯನ್ನಾದರೂ ಕೇಳಿಸಿಕೊಂಡಿರಾ?

ನಾನು ಮಾಡಿದ ತಪ್ಪೊಂದನ್ನು ಹೇಳುತ್ತೇನೆ. ಬಹಳ ವರ್ಷದ ಹಿಂದೆ ನಮ್ಮದೇ ಪುಟದಲ್ಲಿ ಬುಟ್ಟಿ ಹೆಣೆಯುವವರ ಫೋಟೊ ಹಾಕಿದ್ದೆವು. 'ಬುಟ್ಟಿ ಹೆಣೆಯುತ್ತಿರುವ ಮುದುಕಿ' ಎಂಬ ಕ್ಯಾಪ್ಷನ್ ಬರೆದವನು ನಾನೇ. ಅವರ ಮೊಮ್ಮಗ ಆ ಪುಟವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಆಫೀಸಿಗೆ ಬಂದ. ಜಗಳಕ್ಕೆ ಬಂದಿದ್ದಲ್ಲ, ಇನ್ನೊಂದು ಪ್ರತಿ ಕೇಳಲು ಬಂದಿದ್ದ. ಅದೇ ಪುಟದ ಮೇಲ್ಗಡೆ ರಿಬ್ಬನ್ ಕತ್ತರಿಸುತ್ತಿರುವ ರಾಜಕಾರಣಿಯ ಫೋಟೊ ಇತ್ತು. ಅದರ ಕೆಳಗೆ 'ಶ್ರೀ', 'ಅವರು', 'ಮಾನ್ಯ' ಎಲ್ಲ ಇತ್ತು. ಹುಡುಗ ಒಂದು ಬೆರಳನ್ನು ಅಲ್ಲಿಟ್ಟ, ಇನ್ನೊಂದನ್ನು ಅಜ್ಜಿಯ ಕ್ಯಾಪ್ಷನ್ ಮೇಲಿಟ್ಟ. 'ನಮ್ಮಜ್ಜಿಗೂ ಹೆಸರಿದೆ ಸಾರ್' ಎಂದ. ಅಷ್ಟೇ. ಪ್ರತಿ ತಗೊಂಡು ಹೋದ.

ಆದ್ದರಿಂದ ಹೀಗೆ ಮಾಡಿ. ಲೇಖನವನ್ನು ಎಲಾ ವಾಟ್ಸನ್ ಅವರಿಂದ ಶುರುಮಾಡಿ. ಪಾರ್ಕ್ಸ್‌ಗೆ ಮುಚ್ಚಿದ ಆ ಮೂರು ಬಾಗಿಲುಗಳ ಕತೆ ಆಮೇಲೆ ಬರಲಿ. ಪೌರಕಾರ್ಮಿಕರ ಪ್ಯಾರಾ ಬೇಕೋ ಬೇಡವೋ ಅನ್ನೋದು ನೀವು ಮತ್ತೆ ಅವರ ಹತ್ತಿರ ಹೋಗುತ್ತೀರೋ ಇಲ್ಲವೋ ಅನ್ನೋದರ ಮೇಲಿದೆ. ಬೆಳಿಗ್ಗೆ ಹಾಜರಿ ಹಾಕಿಸಿಕೊಳ್ಳುವ ಹೊತ್ತಿಗೆ ಹೋಗಬೇಡಿ, ಕೆಲಸದ ಅವಸರ ಇರುತ್ತದೆ. ಊಟದ ಹೊತ್ತಿಗೆ ಹೋಗಿ. ಒಂದು ಪ್ರಿಂಟ್ ಹಾಕಿಸಿಕೊಂಡು ಹೋಗಿ ಅವರ ಕೈಗೆ ಕೊಡಿ. ಹೆಸರು ಹಾಕಬಹುದಾ ಎಂದು ಕೇಳಿ. ಬೇಡ ಎಂದರೆ ಫೋಟೊವನ್ನೂ ಹಾಕುವುದು ಬೇಡ.

ಮುಂದಿನ ತಿಂಗಳ ಕೊನೆಯವರೆಗೆ ಜಾಗ ಹಿಡಿದಿಟ್ಟಿರುತ್ತೇನೆ. ಕ್ಯಾಪ್ಷನ್‌ಗಳನ್ನು ಈ ಸಲ ನೀವೇ ಬರೆದು ಕಳಿಸಿ, ನಾನು ಮುಟ್ಟುವುದಿಲ್ಲ.

ವಿಶ್ವಾಸದಿಂದ,
ಸಂಪಾದಕ