ಬಚ್ಚಲಿಗೆ ಚೆಲ್ಲಬೇಡಿ

ತಿಪಟೂರಿನ ಓದುಗರೊಬ್ಬರ ಪತ್ರ. ಬಿಪಿ ಏರಿ 30 ವಾರಕ್ಕೇ ಸಿಸೇರಿಯನ್ ಆಗಿದೆ. 1,300 ಗ್ರಾಂ ತೂಕದ ಹೆಣ್ಣುಮಗು ತುಮಕೂರಿನ ಆಸ್ಪತ್ರೆಯೊಂದರ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ. ಇವತ್ತಿಗೆ 12 ದಿನ. ಬಾಣಂತಿ ಮನೆಯಲ್ಲಿ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಹಸಿ ಬಾಣಂತಿ ಹೊಸಿಲು ದಾಟಬಾರದು ಅಂತ ಅತ್ತೆ. ಸ್ಕೂಟರಿನಲ್ಲಿ ಓಡಾಡಿದ್ದಕ್ಕೇ ಹೀಗಾಯಿತು ಅಂತಲೂ ಅವರೇ. ಯಜಮಾನರು ದಿನಾ ಸಂಜೆ ಹೋಗಿ ಮೊಬೈಲಿನಲ್ಲಿ ಫೋಟೊ ಹಿಡಿದು ತರುತ್ತಾರೆ. ಅತ್ತೆಯ ಮಾತು ಮೀರಿ ಮಗುವನ್ನು ನೋಡಲು ಹೋಗಲೇ ಅನ್ನುವುದು ಪ್ರಶ್ನೆ.

ಕೊನೆಯಲ್ಲೆಲ್ಲೋ ಒಂದು ಸಾಲು ಇದೆ: "ಎದೆ ಗಟ್ಟಿಯಾಗಿ ನೋಯುತ್ತೆ, ದಿನಕ್ಕೆ ಎರಡು ಸಲ ಹಿಂಡಿ ಬಚ್ಚಲಿಗೆ ಚೆಲ್ಲುತ್ತೇನೆ, ಮಗು ಹೇಗೂ ಕುಡಿಯಲ್ಲವಲ್ಲ."

ಅಮ್ಮಾ, ಅತ್ತೆಯ ವಿಷಯ ಆಮೇಲೆ. ಮೊದಲು ಈ ಹಾಲಿನ ಮಾತು.

ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರೂ ಮಗುವಿಗೆ ಒಟ್ಟಿಗೆ ಕೂಡಿಬರುವುದು ಸುಮಾರು 34 ವಾರಕ್ಕೆ. ಅಲ್ಲಿಯವರೆಗೆ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ ಹಾಲು, ಆಮೇಲೆ ಒಳಲೆಯಲ್ಲಿ. ಈಗ ಆ ನಳಿಕೆಯಲ್ಲಿ ಯಾವ ಹಾಲು ಹೋಗುತ್ತಿದೆ ಅಂತ ನಿಮ್ಮ ಮನೆಯಲ್ಲಿ ಯಾರೂ ಕೇಳಿದಂತಿಲ್ಲ. ಡಬ್ಬಿ ಹಾಲಾದರೆ ದಿನ ತುಂಬದ ಮಗುವಿಗೆ ಕರುಳು ಕೊಳೆಯುವ ಕಾಯಿಲೆಯ ಅಪಾಯ ತಾಯಿಹಾಲಿಗಿಂತ ಹೆಚ್ಚು. ಪೂರ್ತಿ ಹಾಲಿಗೆ ಬಂದಾಗಲೂ ಇಷ್ಟು ತೂಕದ ಮಗುವಿಗೆ ದಿನಕ್ಕೆ ಬೇಕಾಗುವುದು ಸುಮಾರು 200 ಮಿಲಿ, ಒಂದು ಲೋಟ. ಅದರಲ್ಲಿ ಎಷ್ಟು ಪಾಲು ಬಚ್ಚಲಿಗೆ ಹೋಗಿದೆಯೋ!

ದಿನಕ್ಕೆರಡೇ ಸಲ ಹಿಂಡಿದರೆ ಎದೆಯಲ್ಲಿ ಹಾಲು ನಿಲ್ಲುತ್ತದೆ, ನಿಂತರೆ ಮೈ ಹಾಲು ಮಾಡುವುದನ್ನೇ ಕಡಿಮೆ ಮಾಡುತ್ತದೆ. ಮೊದಲ ಎರಡು ವಾರ ಇದಕ್ಕೆ ಬಹಳ ಮುಖ್ಯ, ಅದು ಮುಗಿಯುತ್ತಾ ಬಂತು. ಇನ್ನು ಮುಂದೆ ದಿನಕ್ಕೆ ಎಂಟು ಸಲವಾದರೂ ಹಿಂಡಿ, ರಾತ್ರಿಯೂ ಬಿಡದೆ. ಅಗಲ ಬಾಯಿಯ ಸ್ಟೀಲ್ ಬಟ್ಟಲನ್ನು 10 ನಿಮಿಷ ಕುದಿಸಿಟ್ಟುಕೊಳ್ಳಿ. ಕೈಗೆ ಸೋಪು. ಎದೆಗೆ ಬಿಸಿನೀರಿನ ಬಟ್ಟೆ. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಮೂರು ಸೆಂಟಿಮೀಟರ್ ಹಿಂದೆ. ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಬೆರಳು ಕೂಡಿಸಿ, ಬಿಡಿ. ತೊಟ್ಟನ್ನೇ ಹಿಂಡಿದರೆ ಹಾಲು ಬರಲ್ಲ, ಗಾಯವಾಗುತ್ತೆ. ಒಂದು ಕಡೆ ಐದು ನಿಮಿಷ, ಇನ್ನೊಂದು ಕಡೆ ಐದು ನಿಮಿಷ, ಹೀಗೆ ಬದಲಿಸುತ್ತಾ 20–30 ನಿಮಿಷ. ಕುದಿಸಿದ ಬಾಟಲಿಗೆ ಹಾಕಿ ಹೆಸರು, ತಾರೀಖು, ಹೊತ್ತು ಬರೆದು ಫ್ರಿಜ್ಜಿನ ಒಳತಟ್ಟೆಯಲ್ಲಿಡಿ, ಬಾಗಿಲಲ್ಲಿ ಬೇಡ. 24 ಗಂಟೆಯೊಳಗೆ ಐಸ್ ಪ್ಯಾಕ್ ಹಾಕಿದ ಚೀಲದಲ್ಲಿ ತುಮಕೂರು ಸೇರಬೇಕು. ನಿಮ್ಮ ಬಿಪಿ ಮಾತ್ರೆಯ ಚೀಟಿಯೂ ಜೊತೆಗೆ ಹೋಗಲಿ, ವೈದ್ಯರು ನೋಡಲಿ.

ಒಯ್ಯುವವರು ಯಾರು? ದಿನಾ ಬರಿಗೈಯಲ್ಲಿ ಹೋಗಿ ಫೋಟೊ ತರುವವರು. ನಿಮ್ಮ ಅತ್ತೆಗಿಂತ ನನಗೆ ಸಿಟ್ಟು ಬಂದಿರುವುದು ಅವರ ಮೇಲೆ. ಅತ್ತೆ ತಮಗೆ ಗೊತ್ತಿರುವ ಬಾಣಂತನ ಮಾಡುತ್ತಿದ್ದಾರೆ, ಮೆಣಸಿನ ಸಾರು ಮಾಡಿ ಹಾಕುತ್ತಿದ್ದಾರೆ; ಮಾಡಲಿ. ಆಸ್ಪತ್ರೆಯಲ್ಲಿ ನರ್ಸಿನ ಎದುರು ನಿಂತು ಬರುವ ಮನುಷ್ಯ "ತಾಯಿಹಾಲು ಬೇಕಾ?" ಎಂದು 12 ದಿನದಲ್ಲಿ ಒಮ್ಮೆ ಕೇಳಬಾರದಿತ್ತೇ? ಗಂಡಸರು ಬಾಣಂತನಕ್ಕೆ ಕೈ ಹಾಕಲಿ ಅಂತ ಈ ಅಂಕಣದಲ್ಲಿ ಬರೆದು ಬರೆದು ಸಾಕಾಗಿದೆ. ಮಗು 30 ದಿನ ತುಂಬುವ ಮೊದಲು ಕಣ್ಣಿನ ರೆಟಿನಾ ಪರೀಕ್ಷೆ ಆಗಲೇಬೇಕು, ತಡವಾದರೆ ದೃಷ್ಟಿಯೇ ಹೋಗಬಹುದು. ಆ ತಾರೀಖು ಕೇಳಿ ಬರೆದುಕೊಳ್ಳುವುದೂ ಅವರ ಕೆಲಸ.

ಸ್ಕೂಟರಿನ ಮಾತು ಬಿಟ್ಟುಬಿಡಿ. ಗರ್ಭಿಣಿಯರಿಗೆ ಹೀಗೆ ಬಿಪಿ ಏರುವುದರ ಬೇರು ಮಾಸುಚೀಲದಲ್ಲಿದೆ. ಆದರೆ ಹೆರಿಗೆಯಾದ ಮೇಲೂ ಬಿಪಿ ಏರಬಹುದು: ಜೋರು ತಲೆನೋವು, ಕಣ್ಣು ಮಂಜು ಅನ್ನಿಸಿದರೆ ಆ ಕ್ಷಣವೇ ಆಸ್ಪತ್ರೆ.

ಹೋಗಲೇ ಅಂದಿರಲ್ಲ, ಹೋಗಿ. ನಿಮ್ಮ ವೈದ್ಯರು ಹೊಲಿಗೆ, ಬಿಪಿ ನೋಡಿ ಹೂಂ ಅಂದ ದಿನವೇ, ಮುಂದೆ ಗುಂಡಿಯಿರುವ ನೈಟಿ ತೊಟ್ಟು. ಮಗುವನ್ನು ಬರಿ ಎದೆಗೆ ಒತ್ತಿ ಮಲಗಿಸುವ ಕಾಂಗರೂ ಆರೈಕೆಯನ್ನು ದಿನಕ್ಕೆ 8ರಿಂದ 24 ಗಂಟೆ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಅತ್ತೆಗೆ ಹೀಗನ್ನಿ: ಮಗುವಿಗೂ ಶೀತ ಆಗಬಾರದಲ್ಲ, ಅದಕ್ಕೆ ನನ್ನ ಮೈಯ ಕಾವೇ ಬೇಕಂತೆ. ನೀವು ದಣಿದಾಗ ಅಪ್ಪನ ಎದೆಯೂ ಆಗುತ್ತದೆ.

ಅದು ನಾಳೆಯೋ ನಾಡಿದ್ದೋ. ಇವತ್ತು ರಾತ್ರಿ ಎರಡು ಗಂಟೆಗೆ ಅಲಾರಂ ಇಡಿ. ಎದ್ದು ಬಟ್ಟಲು ಕುದಿಸುವುದು ಯಜಮಾನರು.